ಎತ್ತಿಕೊಳ್ಳುವವನು

"ಅವನನ್ನ ಕೇಳು. ನನ್ನ ಮಗ ಹುನಾ ಆ ಸ್ವರ್ಗದಲ್ಲಿ ಇರ್ತಾನಾ?"

ಕ್ರೈಸ್ತ ದೀಕ್ಷಾಸ್ನಾನಕ್ಕೆಂದು ಸೊಂಟದಷ್ಟು ನದಿನೀರಿನಲ್ಲಿ ನಿಂತಿದ್ದ ದೊರೆ ಓಸ್ಮೆರ್ ಬಿಷಪ್ಪನ ಕಡೆ ಗದ್ದ ಎತ್ತಿ ತೋರಿಸಿದ.

ದುಭಾಷಿ ತಿಲ್ಬರ್ಟ್ ಬಿಷಪ್ಪನತ್ತ ತಿರುಗಿದ. ಇಡೀ ಚಳಿಗಾಲ ಅವನು ದೊರೆಗೂ ರೋಮಿನಿಂದ ಬಂದ ಈ ಬಿಷಪ್ಪನಿಗೂ ನಡುವೆ ಮಾತು ದಾಟಿಸಿದ್ದ. ಎರಡೂ ಭಾಷೆ ಬಲ್ಲವನು ಆ ಸೀಮೆಯಲ್ಲಿ ಅವನೊಬ್ಬನೇ. ಎರಡರಲ್ಲೂ ತನ್ನದೆನ್ನುವ ಮಾತು ಒಂದೂ ಇಲ್ಲವೆಂಬುದು ಅವನೊಬ್ಬನಿಗೇ ಗೊತ್ತಿತ್ತು.

ಲ್ಯಾಟಿನ್ನಿನಲ್ಲಿ ಕೇಳಿದ. ಹುನಾ ಕಳೆದ ಸುಗ್ಗಿಯಲ್ಲಿ ಜ್ವರ ಬಂದು ಸತ್ತಿದ್ದ. ಹಳೆಯ ದೇವರುಗಳ ಹೆಸರಿನಲ್ಲಿ ಸುಟ್ಟು, ಬೂದಿಯ ಮೇಲೆ ದಿಬ್ಬ ಎಬ್ಬಿಸಿದ್ದರು. ಬಿಷಪ್ ತಡಮಾಡಲಿಲ್ಲ. ಈ ನೀರು ಮುಟ್ಟದೆ ಸತ್ತವನು ದೇವರ ರಾಜ್ಯದೊಳಗೆ ಹೋಗಲಾರ ಎಂದ. ದುಃಖದಿಂದಲೇ ಅಂದ, ಆದರೆ ಅಂದ.

ದಡದಲ್ಲಿ ದೊರೆಯ ಪಡೆ ಕಾಯುತ್ತಿತ್ತು. ದೊರೆ ಮುಳುಗಿದರೆ ಅವರೂ ಮುಳುಗಬೇಕು. ಮುದಿ ಗುಥ್ಲಾಫ್ ಗೊಣಗಿದ: "ಮುಳುಗೇಳೋದು ಬಾತುಕೋಳಿಗೂ ಗೊತ್ತು. ಅದಕ್ಕೊಬ್ಬ ಬಿಷಪ್ ಬೇರೆ." ಯಾರೋ ನಕ್ಕರು. ದೊರೆ ನಗಲಿಲ್ಲ.

"ಏನಂದ?"

"ನೀರು ಬೇಕು ಅಂತಾರೆ, ಒಡೆಯಾ."

"ಅಷ್ಟೇನಾ?"

"ಅಷ್ಟೇ."

ಸುಳ್ಳೇನಲ್ಲ ಎಂದು ತಿಲ್ಬರ್ಟ್ ತನಗೆ ತಾನೇ ಹೇಳಿಕೊಂಡ.

ದೊರೆ ಮುಳುಗಿದ. ನೆರೆರಾಜ್ಯದ ಹಿರಿಯ ದೊರೆ, ಪದ್ಧತಿಯಂತೆ ಧರ್ಮಪಿತನಾಗಿ, ಕೈ ಚಾಚಿ ಅವನನ್ನು ನೀರಿನಿಂದ ಎತ್ತಿಕೊಂಡ. ಎತ್ತಿಕೊಳ್ಳುವವರಿಲ್ಲದೆ ಈ ಹೊಸ ಹುಟ್ಟು ಪೂರ್ತಿಯಾಗದು. ಹಣೆಗೆ ತೈಲ ಹಚ್ಚಿ ಬಿಳಿಯ ಪಟ್ಟಿ ಕಟ್ಟಿದರು. ದೊರೆಯ ಮುಖದಲ್ಲಿ ಏನಾದರೂ ಬದಲಾದೀತೇ ಎಂದು ತಿಲ್ಬರ್ಟ್ ನೋಡಿದ. ಚಳಿಗೆ ತುಟಿ ನೀಲಿಗಟ್ಟಿತ್ತು. ಹಿಂದೆ ಮಠದಲ್ಲಿ ದೀಕ್ಷೆ ಪಡೆದಾಗ ತನಗೂ ಇಷ್ಟೇ ಆಗಿತ್ತಲ್ಲವೇ?

ಮಧ್ಯಾಹ್ನ ಔತಣದ ನಡುವೆ ದೊರೆ ಎದ್ದು, ಗೋಡೆಯ ಮೇಲಿದ್ದ ಶಿರಸ್ತ್ರಾಣ ತೆಗೆದುಕೊಂಡು, ತಿಲ್ಬರ್ಟನ ಭುಜ ಮುಟ್ಟಿದ. ಇಬ್ಬರೇ ನದಿಗೆ ಹೋದರು. ದೊರೆ ಅದರ ತುಂಬ ನೀರು ಮೊಗೆದು, ಚೆಲ್ಲದಂತೆ ಎದೆಗವಚಿಕೊಂಡು ಮಗನ ದಿಬ್ಬಕ್ಕೆ ನಡೆದ. ಅಲ್ಲಿ ಇನ್ನೂ ಹುಲ್ಲು ಹಿಡಿದಿರಲಿಲ್ಲ.

"ನೀರು ತಂದಿದ್ದೀನಿ," ಅಂದ. "ಮಂತ್ರ ನೀನು ಹೇಳು. ಎತ್ತಿಕೊಳ್ಳೋನೂ ನೀನೇ ಆಗು. ಕೈ ಚಾಚು."

ಈಗಲಾದರೂ ಹೇಳಬಹುದಿತ್ತು. ಬಿಷಪ್ಪನ ಮಾತು ಲ್ಯಾಟಿನ್ನಿನಲ್ಲಿ ನಾಲಗೆಯ ತುದಿಯಲ್ಲೇ ಇತ್ತು. ದೊರೆಯ ಭಾಷೆಗೆ ದಾಟಲಿಲ್ಲ. ತಿಲ್ಬರ್ಟ್ ಕೈ ಚಾಚಿದ.

ದೊರೆ ಸುರಿದ. ಗಟ್ಟಿ ಜೇಡಿಮಣ್ಣು ಒಂದು ಹನಿಯನ್ನೂ ಹೀರಲಿಲ್ಲ. ನೀರು ಇಳಿಜಾರಿನಲ್ಲಿ ಹರಿದುಬಂದು ತಿಲ್ಬರ್ಟನ ಪಾದ ತೋಯಿಸಿತು.

"ಭಾರ ಇದ್ದಾನಾ?" ದೊರೆ ಮೆಲ್ಲಗೆ ಕೇಳಿದ.

ಚಾಚಿಯೇ ಇದ್ದ ತಿಲ್ಬರ್ಟನ ಬರಿದಾದ ತೋಳುಗಳು ನೋಯತೊಡಗಿದ್ದವು. ಇಳಿಸು ಎಂದು ಹೇಳುವವರು ಯಾರೂ ಇರಲಿಲ್ಲ.