ಉಪ್ಪುನೀರೂ ಅತ್ತೆಯ ಡ್ರಮ್ಮೂ

"ಇದೂ ಮಲಗ್ತು ನೋಡು," ಅಂದರು ಅತ್ತೆ, ಗಾಜಿಗೆ ಮೂಗು ತಾಗಿಸಿಕೊಂಡು. "ನಿನ್ನೆ ಬಿಟ್ಟಿದ್ದಲ್ವಾ? ಒಂದು ದಿನಾನೂ ನೆಟ್ಟಗೆ ಸಂಸಾರ ಮಾಡ್ಲಿಲ್ಲ, ಪಾಪ."

ಸೊಸೆ ಒಂದು ಚಪ್ಪಲಿ ಮೆಟ್ಟಿದವಳು ಇನ್ನೊಂದನ್ನು ಅಲ್ಲೇ ಬಿಟ್ಟು ಬಂದು ನೋಡಿದಳು. ಶಂಖದ ಹುಳು ಗಾಜಿಗೆ ಅಂಟಿಕೊಂಡು ಪಾಚಿ ತಿನ್ನುತ್ತಾ ಓಡಾಡಬೇಕಾದದ್ದು. ಅದು ಮರಳಿನ ಮೇಲೆ ಅಂಗಾತ ಬಿದ್ದಿತ್ತು. ಚಮಚದಿಂದ ಮಗುಚಿ ಹಾಕಿದಳು. ಚಿಪ್ಪಿನ ಬಾಯಲ್ಲಿ ಮಿಸುಕಾಟವಿಲ್ಲ. ಹೊರಗೆ ತೆಗೆದು ಮೂಸಿದ ಮೇಲೆ ಇನ್ನು ಅನುಮಾನಕ್ಕೂ ಜಾಗ ಉಳಿಯಲಿಲ್ಲ.

"ಅದನ್ನ ಮೂಸೋದು ಬೇರೆ," ಅಂದರು ಅತ್ತೆ.

ಅವಳಿಗೆ ಅಳು ಬರಲಿಲ್ಲ. ಅಳುವ ಹಂತ ಹೋದ ವಾರವೇ ದಾಟಿಹೋಗಿತ್ತು. ಈಗ ಬರುತ್ತಿದ್ದದ್ದು ಬರೀ ಸಿಟ್ಟು. ಯಾರ ಮೇಲೆ ಅಂತ ಗೊತ್ತಾಗದ ಸಿಟ್ಟು, ಬಾಗಿಲಿಗೆ ಕಾಲ್ಬೆರಳು ಎಡವಿದಾಗ ಬರುತ್ತಲ್ಲ, ಅಂಥದ್ದು.

ಅವಳಿಗೆ ಕೆಲಸ ಹಲ್ಲಿನ ಡಾಕ್ಟರ ಹತ್ತಿರ. ಮುಂದಿನ ಕೋಣೆಯಲ್ಲಿ ಕೂತು ಬಂದವರಿಗೆಲ್ಲ ಟೋಕನ್ ಕೊಟ್ಟು ಕೊಟ್ಟು, ಸುತ್ತಲಿನ ನಾಲ್ಕು ಬೀದಿಯವರ ಬಾಯಲ್ಲಿ ಅವಳು ಟೋಕನ್ ಅಕ್ಕ ಆಗಿದ್ದಳು. ಅದೇ ಕೋಣೆಯ ಗೋಡೆಯೊಳಗೆ ಕಟ್ಟಿಸಿದ ಒಂದು ದೊಡ್ಡ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಕಲ್ಲು, ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಎರಡು ಮೀನು. ಮಧ್ಯದ ಕಲ್ಲಿನ ಮೇಲೆ ಕಡಲಹೂವು. ಹೂವು ಅಂತ ಹೆಸರೇ ಹೊರತು ಅದೂ ಒಂದು ಜೀವ. ಬುಡದಲ್ಲಿ ಒಂದೇ ಒಂದು ಕಾಲು, ಮೇಲೆ ನೂರಾರು ಮೆತ್ತನೆ ಬೆರಳು. ಸಿಗಡಿಯ ಚೂರು ಹಿಡಿದು ಕೈ ಇಳಿಸಿದರೆ ಆ ಬೆರಳುಗಳೆಲ್ಲ ಅವಳ ಬೆರಳಿಗೆ ಅಂಟಿಕೊಳ್ಳುತ್ತಿದ್ದವು. ಮೀನುಗಳು ಮಲಗುವುದೂ ಅದರೊಳಗೇ. ಕೆನ್ನೆ ಹಿಡಿದುಕೊಂಡು ನಡುಗುತ್ತಾ ಬಂದವರನ್ನು ಅವಳು ಅದರ ಮುಂದೆಯೇ ಕೂರಿಸುತ್ತಿದ್ದಳು. "ಅದನ್ನೇ ನೋಡ್ತಾ ಇರಿ, ನೋವು ಮರೆಯುತ್ತೆ," ಅನ್ನುತ್ತಿದ್ದಳು. ಅರ್ಧಕ್ಕರ್ಧ ಜನಕ್ಕೆ ಮರೆಯುತ್ತಲೂ ಇತ್ತು.

ಈಗ ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ ಬೇರೆಯವರಿಗೆ ಬಿಟ್ಟುಕೊಟ್ಟಿದ್ದರು. ಹೊಸಬರಿಗೆ ಆ ಗೋಡೆಯ ಮೇಲೆ ಟೀವಿ ಬೇಕು. ಸೋಮವಾರ ಬೆಳಿಗ್ಗೆ ಗೋಡೆ ಒಡೆಯುವವರು ಬರುತ್ತಾರೆ. ಮೀನಂಗಡಿಯವನನ್ನು ಕೇಳಿದರೆ, "ಮೀನು ಕೊಡಿ, ತಗೋತೀನಿ. ಆ ಹೂವು ಮಾತ್ರ ಬೇಡಕ್ಕ. ಅದು ಸಾಯೋದಲ್ದೆ ಜೊತೇಲಿರೋದನ್ನೂ ಕೊಲ್ಲುತ್ತೆ," ಅಂದ. ಹಾಗಾದರೆ ಹೂವು ಚರಂಡಿಗೇ. ಅದನ್ನು ನೆನೆದಾಗಲೆಲ್ಲ ಅವಳ ಬೆರಳಿನ ತುದಿ ಜುಮ್ಮೆನ್ನುತ್ತಿತ್ತು.

"ನಾನು ಮನೇಲಿ ಸಾಕ್ತೀನಿ," ಅಂದುಬಿಟ್ಟಿದ್ದಳು. ಅನ್ನುವುದಕ್ಕೇನು, ನಾಲಿಗೆಗೆ ಮೂಳೆಯಿಲ್ಲ.

ಹೊಸ ತೊಟ್ಟಿ, ಹೊಸ ಸಾಮಾನು ಅಂತ ಹೊರಟರೆ ಮನೆಯವರೆಲ್ಲ ಆ ತೊಟ್ಟಿಯಲ್ಲೇ ವಾಸ ಮಾಡಬೇಕಾಗುತ್ತಿತ್ತು. ಅದಕ್ಕೇ ಎಲ್ಲ ಹಳೆಯದು. ತೊಟ್ಟಿ ಗುಜರಿ ಅಂಗಡಿಯದು, ಮುಂಚೆ ಯಾವುದೋ ಬೇಕರಿಯಲ್ಲಿ ಬಿಸ್ಕತ್ತು ಇಟ್ಟಿದ್ದದ್ದು; ಮೂಲೆಯಲ್ಲಿ ಸೋರುತ್ತಿದ್ದದ್ದಕ್ಕೆ ಅಂಟು ಮೆತ್ತಿದ್ದಾಯಿತು. ಅದರ ಕೆಳಗೆ ಶಾಲೆಯ ಮುರುಕು ಬೆಂಚು, ಬೆಂಚಿನ ಕೆಳಗೆ ನೀರು ಸೋಸುವುದಕ್ಕೆ ಬಟ್ಟೆ ಒಗೆಯುವ ಟಬ್ಬು. ಪಂಪು ಕೆಟ್ಟ ಏರ್ ಕೂಲರಿನದು. ಅದು ಮೊದಲ ದಿನವೇ ನೀರಿನ ಮೇಲೆ ಎಣ್ಣೆ ಕಕ್ಕಿತು. ಅಷ್ಟೂ ನೀರು ಚೆಲ್ಲಿ, ಕ್ಲಿನಿಕ್ಕಿನ ಅಟ್ಟದಲ್ಲಿದ್ದ ಹಳೆ ಪಂಪನ್ನು ಕೂರಿಸಿದ್ದಾಯಿತು. ದೀಪವಂತೂ ಹಲ್ಲು ಕೀಳುವ ಕುರ್ಚಿಯದು, ಉದ್ದ ಕತ್ತಿನದು.

"ಇನ್ನೇನು, ಮೀನು ಬಾಯಿ ಕಳೆದರೆ ಒಂದು ದವಡೆ ಹಲ್ಲು ಕಿತ್ತುಬಿಡಿ," ಅಂದಿದ್ದರು ಅತ್ತೆ.

ಕೊಳವೆ ಕೆಲಸವೆಲ್ಲ ಗಂಡನದು. ಅವನು ನಲ್ಲಿ ಮೇಸ್ತ್ರಿ. ಯಾರ ಮನೆಯ ಬಚ್ಚಲಿಗೆ ಹೋದರೂ ಮೊದಲು ಬಾಗಿ ಕೀಲುಗಳನ್ನು ನೋಡಿ, ಹಳೆ ಕೆಲಸ ಮಾಡಿದವನ ಮಾನ ಹರಾಜು ಹಾಕಿ, ಆಮೇಲೆ ಸ್ಪ್ಯಾನರ್ ತೆಗೆಯುವ ಜಾತಿ. ಪ್ಲಾಸ್ಟಿಕ್ ಕಂಡರೆ ಆಗದು. "ಪ್ಲಾಸ್ಟಿಕ್ ನಲ್ಲಿ ಅಂದ್ರೆ ಮಳೆಗಾಲದ ನೆಂಟ, ಯಾವಾಗ ಕೈಕೊಡ್ತಾನೋ ಗೊತ್ತಿಲ್ಲ," ಅನ್ನುವವನು. ಸುರುವಿನಲ್ಲಿ ಅವಳು ತಂದ ಪ್ಲಾಸ್ಟಿಕ್ ವಾಲ್ವು ಒಂದು ಸಂಜೆ ಸೋರಿ ನಡುಮನೆಯೆಲ್ಲ ಉಪ್ಪಾದಾಗ ಅವನು ತನ್ನ ಸಾಮಾನಿನ ಪೆಟ್ಟಿಗೆಯ ತಳದಿಂದ ಬಟ್ಟೆ ಸುತ್ತಿದ ಗಂಟೊಂದನ್ನು ತೆಗೆದಿದ್ದ. ಒಳಗೆ ಒಂದು ಹಿತ್ತಾಳೆ ವಾಲ್ವು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಕೊಟ್ಟದ್ದು. ಯಾವ ಗಿರಾಕಿಯ ಮನೆಗೂ ಹಾಕಲು ಮನಸ್ಸು ಬಾರದೆ ಇಟ್ಟುಕೊಂಡದ್ದು. ಉಜ್ಜಿ ಬಂಗಾರದ ಹಾಗೆ ಹೊಳೆಯಿಸಿ ಕೂರಿಸಿದ. "ಇನ್ನು ನಮ್ಮಿಬ್ಬರ ಕಾಲ ಮುಗಿದ್ರೂ ಇದು ಸೋರಲ್ಲ," ಅಂದ. ಮದುವೆಯಾದ ಮೇಲೆ ಅವನು ಅವಳಿಗೆ ಕೊಟ್ಟ ಉಡುಗೊರೆಗಳಲ್ಲಿ ಅದೇ ದೊಡ್ಡದು ಅಂತ ಇಬ್ಬರಿಗೂ ಗೊತ್ತಿತ್ತು.

ವಾಲ್ವು ಸೋರಲಿಲ್ಲ. ತೊಟ್ಟಿ ಸೋರಲಿಲ್ಲ. ಹುಳುಗಳು ಮಾತ್ರ ಸಾಯುತ್ತಲೇ ಹೋದವು.

"ಮೊದಲು ಶಂಖದ ಹುಳು ಬಿಟ್ಟು ನೋಡಮ್ಮ," ಅಂದಿದ್ದರು ಡಾಕ್ಟರು. "ಅದು ಬದುಕಿದರೆ ಹೂವೂ ಬದುಕುತ್ತೆ." ಒಂದು ಸತ್ತಾಗ ಉಪ್ಪು ಹೆಚ್ಚಾಯಿತೇನೋ ಅಂತ ಅಳೆದಳು, ಸರಿ ಇತ್ತು. ಇನ್ನೊಂದು ಸತ್ತಾಗ ಬಿಸಿ ನೋಡಿದಳು, ದೀಪ ತಗ್ಗಿಸಿದಳು, ಅಂಗಡಿಗೆ ನೀರು ಒಯ್ದು ಪರೀಕ್ಷೆ ಮಾಡಿಸಿದಳು. "ನೀರು ಫಸ್ಟ್ ಕ್ಲಾಸ್ ಇದೆ ಅಕ್ಕ," ಅಂದ ಅಂಗಡಿಯವನು, ಮತ್ತೆ ಹುಳು ಕಟ್ಟಿಕೊಡುತ್ತಾ. "ಒಂದ್ಮಾತು ಕೇಳ್ಲಾ? ನೀವು ಇದನ್ನ ಸಾರು ಮಾಡ್ತಾ ಇಲ್ಲ ತಾನೆ?"

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ಅವಳ ಪಾಡು. ಇವತ್ತು ಶನಿವಾರ ಬೇರೆ. ಸತ್ತ ಹುಳುವನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿ, ಇನ್ನೊಂದು ಚಪ್ಪಲಿ ಮೆಟ್ಟಿ ಕೆಲಸಕ್ಕೆ ಹೋದಳು.

ಕ್ಲಿನಿಕ್ಕಿನ ಕೊನೆಯ ದಿನ. ಅರ್ಧ ಕುರ್ಚಿಗಳು ಆಗಲೇ ಮಾಯ. ಬಂದವರೂ ಕಮ್ಮಿ. ಮಧ್ಯಾಹ್ನ ಒಬ್ಬ ಲಾರಿ ಡ್ರೈವರು, ಸೂಜಿ ಹಾಕಿಸಿಕೊಂಡು ಒಂದು ಕೆನ್ನೆ ಜೋತುಬಿದ್ದವನು, ತೊಟ್ಟಿಯ ಮುಂದೆ ನಿಂತು ಜೇಬಿನಿಂದ ಒಂದು ನಾಣ್ಯ ತೆಗೆದ. ಅವಳು ತಲೆ ಎತ್ತದೆಯೇ ಹೇಳಿದಳು, ವರ್ಷಗಟ್ಟಲೆ ಹೇಳಿದ ಹಾಗೆ: "ನಾಣ್ಯ ಹಾಕಬೇಡಿ, ಮೀನು ನುಂಗುತ್ತೆ."

ಡ್ರೈವರು ನಾಣ್ಯ ನೋಡಿದ. ಮೀನು ನೋಡಿದ. ಮರಗಟ್ಟಿದ ಬಾಯಲ್ಲೇ ಕೇಳಿದ: "ಈ ಬಾಯೊಳಗೆ ಇದು ಹೆಂಗ್ ಹೋಗುತ್ತಕ್ಕ?"

ಅವಳು ತಲೆ ಎತ್ತಿದಳು. ಮೀನು ಇದ್ದದ್ದು ಕಿರುಬೆರಳಿನಷ್ಟು. ಇಷ್ಟು ವರ್ಷ ತಾನೇ ಹೇಳಿದ ಮಾತನ್ನು ತಾನೇ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ನೆನಪಾಯಿತು: ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಚಿಲ್ಲರೆ ಹಾಕಿದ್ದರು. ಎಂದೂ ದನಿ ಏರಿಸದ ಡಾಕ್ಟರು ಅವತ್ತು ರೇಗಿ, ತೋಳು ಮಡಚಿ, ತಾವೇ ನೀರು ತೆಗೆದು ಚೆಲ್ಲಿದ್ದರು. "ನಾಣ್ಯ ಹಾಕಲು ಬಿಡಬೇಡ" ಅಂದಿದ್ದರಷ್ಟೇ. ನುಂಗುವ ಕತೆ ಅವಳದೇ ಸೇರ್ಪಡೆ.

ಎದ್ದು ಒಳಗೆ ಹೋದಳು. ಡಾಕ್ಟರು ಚಿಮಟಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಡಾಕ್ಟ್ರೇ, ತೊಟ್ಟಿಗೆ ನಾಣ್ಯ ಯಾಕೆ ಹಾಕಬಾರದು?"

"ತಾಮ್ರ ಇರುತ್ತಲ್ಲಮ್ಮ. ಉಪ್ಪುನೀರಿಗೆ ತಾಮ್ರ ಬಿಟ್ಕೊಂಡ್ರೆ ಮೀನು ಹೇಗೋ ತಡಕೊಳ್ಳುತ್ತೆ. ಬೆನ್ನುಮೂಳೆ ಇಲ್ದಿರೋವು ತಡಕೊಳ್ಳಲ್ಲ. ಹುಳು, ಸಿಗಡಿ, ಹೂವು, ಎಲ್ಲ ಹೋಗುತ್ವೆ."

"ಹಿತ್ತಾಳೆ?"

"ಹಿತ್ತಾಳೆಯಲ್ಲಿ ಇರೋದೇ ಹೆಚ್ಚಿನ ಪಾಲು ತಾಮ್ರ." ಅವರು ತಲೆ ಎತ್ತಿ ಅವಳ ಮುಖ ನೋಡಿದರು. "ಯಾಕಮ್ಮ, ಏನು ಹಾಕಿದೀರಿ?"

ಅವಳು ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಕೂತರು. "ಆ ನೀರು ಇಟ್ಕೋಬೇಡ. ಮರಳು, ಕಲ್ಲೂ ಬೇಡ, ಅವು ಹೀರಿಕೊಂಡಿರುತ್ವೆ. ಎಲ್ಲ ಚೆಲ್ಲು. ತೊಟ್ಟಿ ತೊಳೆದು ತೊಳೆದು ಮತ್ತೆ ಶುರುವಿಂದ ಮಾಡಬೇಕು."

"ಸೋಮವಾರ ಗೋಡೆ ಒಡೀತಾರೆ ಡಾಕ್ಟ್ರೇ."

"ಹೌದಲ್ಲ," ಅಂದರು ಅವರು. ಕನ್ನಡಕ ಮತ್ತೆ ಹಾಕಿಕೊಂಡು ಚಿಮಟಗಳ ಡಬ್ಬಿ ಮುಚ್ಚಿದರು.

ಮನೆಗೆ ಬಂದವಳು ಕೈಕಾಲು ಕೂಡ ತೊಳೆಯದೆ ಬೆಂಚಿನ ಕೆಳಗೆ ತೂರಿದಳು. ವಾಲ್ವಿನ ಮೈ ಹೊಳೆಯುತ್ತಿತ್ತು. ಆದರೆ ಕಣ್ಣಿಗೆ ಮರೆಯಾಗಿದ್ದ ಕಡೆ, ಕೊಳವೆ ಸೇರುವ ಅಂಚಿನಲ್ಲಿ, ಸುತ್ತಲೂ ತೆಳ್ಳನೆ ಹಸಿರು. ಬೆರಳಿಂದ ಉಜ್ಜಿದರೆ ಬೆರಳೂ ಹಸಿರಾಯಿತು. ಅಲ್ಲಿಂದಲೇ ಗಂಡನನ್ನು ಕೂಗಿದಳು.

ಅವನು ಬಗ್ಗಿ ನೋಡಿದ. "ಅದಕ್ಕೇನೀಗ? ಒರೆಸಿದ್ರೆ ಹೋಗುತ್ತೆ."

"ಹೋಗಿದೆ ರೀ, ನೀರಿಗೆ ಹೋಗಿದೆ. ಅದೇ ಹುಳುಗಳನ್ನ ಕೊಂದದ್ದು." ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿದಳು.

"ಏನೇ ಮಾತಾಡ್ತಿದೀಯ? ಊರೆಲ್ಲ ಹಿತ್ತಾಳೆ ನಲ್ಲಿ ನೀರೇ ಕುಡಿಯೋದು. ನಾನು ಹಾಕಿದ ನಲ್ಲಿಯಿಂದ ಯಾವನು ಸತ್ತಿದಾನೆ ಹೇಳು."

"ಅವರಿಗೆ ಬೆನ್ನುಮೂಳೆ ಇದೆ."

"ಅಂಗಡಿಯವನು ಹಾಳು ಹುಳು ಕೊಟ್ಟಿರ್ತಾನೆ. ನಿನ್ನ ಉಪ್ಪೇ ಸರಿ ಇಲ್ಲವೋ ಏನೋ. ಗುಜರಿ ಗಾಜು ಬೇರೆ. ಅದೆಲ್ಲ ಬಿಟ್ಟು, ಇಡೀ ಮನೇಲಿ ನೆಟ್ಟಗಿರೋ ಒಂದೇ ಒಂದು ಸಾಮಾನಿನ ಮೇಲೆ ಕಣ್ಣು ಬಿತ್ತಾ?"

"ನೆಟ್ಟಗಿದೆ ಅಂತಾನೇ ಇಷ್ಟು ದಿನ ಅದರ ಮೇಲೆ ಕಣ್ಣು ಬೀಳಲಿಲ್ಲ," ಅಂದಳು ಅವಳು. ಬೆಂಚಿನ ಕೆಳಗೆ ಕೂತೇ ಇದ್ದಳು, ಮೊಣಕಾಲಿಗೆ ಕೈ ಸುತ್ತಿಕೊಂಡು. "ಎಲ್ಲಾದರ ಮೇಲೂ ಅನುಮಾನ ಪಟ್ಟೆ ರೀ. ನೀವು ಕೊಟ್ಟಿದ್ದರ ಮೇಲೊಂದು ಬಿಟ್ಟು."

ಗಂಡ ಕೈ ಚಾಚಿ ಆ ಹಸಿರನ್ನು ತಾನೂ ಉಜ್ಜಿ ನೋಡಿದ. ಗೋಡೆಗೆ ಒರಗಿ ಕೂತಿದ್ದ ಅತ್ತೆ ಕತ್ತು ಚಾಚಿ ಅವನ ಬೆರಳು ನೋಡಿದರು. 

ಅವನು ಪಂಪಿನ ಸ್ವಿಚ್ಚು ಆರಿಸಿದ. ಸ್ಪ್ಯಾನರ್ ತಂದ. ಅವನೇ ಬಿಗಿದದ್ದಲ್ಲವೇ, ಅಷ್ಟು ಸುಲಭಕ್ಕೆ ಬಿಡಲಿಲ್ಲ. ಎರಡು ಸಲ ಜಾರಿ ಗೆಣ್ಣು ತರಚಿತು. "ಯಾವ ಪುಣ್ಯಾತ್ಮ ಇಷ್ಟು ಬಿಗಿದಿದ್ದು," ಅಂದ, ರೂಢಿಯ ಮೇಲೆ. ಆಮೇಲೆ ಯಾರು ಅಂತ ನೆನಪಾಗಿ ಬಾಯಿ ಮುಚ್ಚಿದ. ಬಿಚ್ಚಿದ ವಾಲ್ವನ್ನು ಒರೆಸಲಿಲ್ಲ, ಬಟ್ಟೆಯಲ್ಲಿ ಸುತ್ತಲೂ ಇಲ್ಲ. ಕಿಟಕಿಯ ಮೇಲಿಟ್ಟ.

ನೀರು ಚೆಲ್ಲಿದರು, ಬಕೆಟ್ಟಿಗೆ ಬಕೆಟ್ಟು. ಕೈ ಕಡಿಯುವ ತನಕ ಹೊತ್ತು ತಂದು, ಉಪ್ಪು ಕಲಸಿ, ಅಳೆದು, ತಿಂಗಳ ಮೇಲಿಂದ ಕಾಪಾಡಿದ ನೀರು ಬಚ್ಚಲಿನಲ್ಲಿ ಗುಳುಗುಳು ಅಂತ ಇಳಿದು ಹೋಯಿತು. ಮರಳು ಗೋಣಿಗೆ. ಕಲ್ಲು ಹೊರಗೆ. ಕೊನೆಗೆ ಉಳಿದದ್ದು ಗುಜರಿ ಅಂಗಡಿಯಿಂದ ಬಂದ ಹಾಗೇ ಬರೀ ಗಾಜು. ಡಾಕ್ಟರು ಕೊಟ್ಟಿದ್ದ ಉಪ್ಪಿನ ಚೀಲದ ತಳದಲ್ಲಿ ಒಂದೆರಡು ಬಕೆಟ್ಟಿಗಾಗುವಷ್ಟು ಉಪ್ಪು.

"ಕ್ಲಿನಿಕ್ಕಿನ ನೀರನ್ನೇ ತುಂಬ್ಕೊಂಡು ಬಂದ್ರೆ?" ಅಂದ ಗಂಡ. "ಆ ಹೂವು ಬೆಳೆದದ್ದೇ ಆ ನೀರಲ್ಲಿ. ಸದ್ಯಕ್ಕೆ ಯಾವುದರಲ್ಲಾದರೂ ಇಟ್ಟಿರೋಣ. ತೊಟ್ಟಿ ಸರಿ ಮಾಡೋಷ್ಟು ದಿನ."

"ಯಾವುದರಲ್ಲಿ? ಬಕೆಟ್ಟು ಸಾಲಲ್ಲ. ಟಬ್ಬಿಗೆ ಈ ನೀರು ತಾಗಿದೆ."

ಇಬ್ಬರೂ ಅತ್ತೆಯ ಕಡೆ ನೋಡಲಿಲ್ಲ. ನೋಡದೆ ಇರುವುದಕ್ಕೆ ಬಹಳ ಕಷ್ಟಪಟ್ಟರು.

"ನನ್ನ ಡ್ರಮ್ಮಿನ ಸುದ್ದಿಗೆ ಬರಬೇಡಿ," ಅಂದರು ಅತ್ತೆ.

ಅಡುಗೆಮನೆಯ ಮೂಲೆಯಲ್ಲಿತ್ತು ಅದು. ಸೊಂಟದೆತ್ತರದ, ಅಗಲ ಬಾಯಿಯ ಬಿಳಿ ಪ್ಲಾಸ್ಟಿಕ್ ಡ್ರಮ್ಮು. ಹಿಟ್ಟು ಹೊರತು ಇನ್ನೇನನ್ನೂ ಕಂಡದ್ದಲ್ಲ. ತಿಂಗಳ ಹಿಂದೆ ಸೊಸೆ ನೀರು ಕಲಸಲು ಒಂದು ದಿನದ ಮಟ್ಟಿಗೆ ಕೇಳಿದ್ದಕ್ಕೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದರು.

ಆಮೇಲೆ ಯಾರೂ ಆ ಸುದ್ದಿ ಎತ್ತಲಿಲ್ಲ. ಮಾರನೆಯ ಬೆಳಿಗ್ಗೆ ಸೊಸೆ ಎದ್ದು ಬಂದರೆ ಹಿಟ್ಟೆಲ್ಲ ಪಾತ್ರೆ, ಬೋಗುಣಿ, ಡಬ್ಬಿಗಳಲ್ಲಿ ಹಂಚಿಹೋಗಿ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತೊಳೆದ ಡ್ರಮ್ಮು ಬಿಸಿಲಿಗೆ ಬೋರಲು ಬಿದ್ದಿತ್ತು.

"ತಿಂಗಳು," ಅಂದರು ಅತ್ತೆ, ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡು. "ಒಂದೇ ತಿಂಗಳು. ಹೇಗಿತ್ತೋ ಹಾಗೆ ವಾಪಸ್ ಬರಬೇಕು."

ಭಾನುವಾರವಿಡೀ ಗಂಡ ಹೆಂಡತಿ ಕ್ಯಾನುಗಳಲ್ಲಿ ನೀರು ಹೊತ್ತರು. ಹೂವನ್ನು ಅದರ ಕಲ್ಲಿನ ಸಮೇತ ಎತ್ತಿ ತಂದರು. ಎತ್ತುವಾಗಲೇ ಅದು ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಮುಷ್ಟಿಯಾಯಿತು. ಬಚ್ಚಲಮನೆಯ ಮೂಲೆಗೆ ಡ್ರಮ್ಮು, ಮೇಲೆ ಕತ್ತು ಬಗ್ಗಿಸಿದ ಹಲ್ಲಿನ ದೀಪ, ಕ್ಲಿನಿಕ್ಕಿನ ತೊಟ್ಟಿಯಿಂದ ಬಿಚ್ಚಿ ತಂದ ಪಂಪಿಗೆ ಗೋಡೆಗುಂಟ ಗಂಡ ಎಳೆದ ಪ್ಲಾಸ್ಟಿಕ್ ಕೊಳವೆ. ಪ್ರತಿ ಕೀಲಿಗೂ ಅವನು ಎರಡೆರಡು ಸಲ ಟೇಪು ಸುತ್ತಿದ, ಸುತ್ತುವಾಗಲೆಲ್ಲ ಗೊಣಗಿದ. ಮೀನುಗಳನ್ನು ಡ್ರಮ್ಮಿಗೆ ಬಿಟ್ಟಾಗ ಅವು ತಳದಲ್ಲಿ ಮೂತಿ ಮೂತಿ ತಾಗಿಸಿ ನಿಂತವು, ಬಾಡಿಗೆ ಮನೆ ಇಷ್ಟವಾಗದವರ ಹಾಗೆ. ಹೂವು ಮುಷ್ಟಿ ಬಿಚ್ಚಲೇ ಇಲ್ಲ.

ಸೋಮವಾರ ಅವರಿಗೆ ಗೋಡೆ ಒಡೆಯುವ ಸದ್ದು ಕೇಳಿಸದಿದ್ದರೂ ಒಡೆಯುತ್ತಿದ್ದಾರೆ ಅಂತ ಗೊತ್ತಿತ್ತು. ಸಂಜೆ ಮೂವರೂ ಬಚ್ಚಲಮನೆಯಲ್ಲಿ ಡ್ರಮ್ಮಿನ ಸುತ್ತ ನಿಂತರು, ಬಾವಿ ಇಣುಕುವವರ ಹಾಗೆ. ಕಲ್ಲಿನ ಮೇಲೆ ಹೂವಿರಲಿಲ್ಲ.  ದೀಪ ವಾಲಿಸಿ ನೋಡಿದರೆ ಅದು ಯಾವಾಗಲೋ ಕಲ್ಲು ಬಿಟ್ಟು ಜಾರಿ ಬಂದು, ಡ್ರಮ್ಮಿನ ಗೋಡೆಗೆ ಕಾಲು ಊರಿ ಕೂತಿತ್ತು.

"ಕಿತ್ತು ಕಲ್ಲಿನ ಮೇಲೆ ಇಟ್ಟುಬಿಡ್ಲಾ?" ಅಂದ ಗಂಡ.

"ಮುಟ್ಟಬೇಡಿ. ಕಿತ್ತರೆ ಕಾಲು ಹರಿಯುತ್ತೆ, ಸಾಯುತ್ತೆ. ಅದಾಗೇ ಬಿಡಬೇಕು."

"ಅದಾಗೇ ಅಂದ್ರೆ ಯಾವಾಗ?"

"ಡಾಕ್ಟ್ರ ಹತ್ರ ಆ ಕಲ್ಲನ್ನ ಬಿಟ್ಟೇ ಇರಲಿಲ್ಲ. ನಾನು ಸೇರಿದಾಗಿಂದ."

ಅತ್ತೆ ನಿಧಾನಕ್ಕೆ ಇಬ್ಬರ ಮುಖವನ್ನೂ ನೋಡಿದರು. "ಅಂದ್ರೆ ನನ್ನ ಡ್ರಮ್ಮು?"

ಗಂಡ ಕೊಳವೆಯ ಕೀಲೊಂದನ್ನು ಮತ್ತೆ ಒತ್ತಿ ನೋಡಿದ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಹೂವು ಒಂದು ಬೆರಳು ಹೊರಗೆ ಚಾಚಿತು, ಆಮೇಲೆ ಇನ್ನೊಂದು.