ಪದ್ಮಶ್ರೀಗೆ ಕಡಿಮೆಬಿದ್ದ ಹನ್ನೆರಡು ಗಂಟೆ

ಪದ್ಮಶ್ರೀಯ ಲೈಸೆನ್ಸ್ ಸತ್ತು ಏಳು ತಿಂಗಳಾಗಿತ್ತು. ಆ ಸುದ್ದಿ ಅವಳಿಗೆ ತಲುಪಿದ್ದು ಒಂದು ಮಂಗಳವಾರ ಬೆಳಿಗ್ಗೆ, ಬ್ಯಾಟರಾಯಪ್ಪನವರ ಬಲಗೈಗೆ ಬಟ್ಟೆ ಕ್ಲಿಪ್ ಕೊಟ್ಟು ಹಗ್ಗಕ್ಕೆ ಸಿಕ್ಕಿಸಿ ಎಂದು ಗದರುತ್ತಿದ್ದಾಗ.

ಶೆಟ್ಟಿಹಳ್ಳಿಯಲ್ಲಿ ಒಂದು ಬೇಕರಿಯ ಮೇಲಿನ ಎರಡು ಕೋಣೆ ಅವಳ ಕ್ಲಿನಿಕ್. ಬೋರ್ಡಿನಲ್ಲಿ ‘ಆಕ್ಯುಪೇಶನಲ್ ಥೆರಪಿಸ್ಟ್’ ಎಂದಿತ್ತು. ಹಾಗೆಂದರೇನು ಎಂದು ಹದಿನಾಲ್ಕು ವರ್ಷದಿಂದ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಬೀದಿಯವರಿಗೆ ಅವಳು ‘ಮಸಾಜ್ ಡಾಕ್ಟ್ರು’, ಅತ್ತೆಗೆ ‘ಫಿಸಿಯೋ’, ಗಂಡ ಮುನೇಶನಿಗೆ ‘ಅದೇ, ಅದೇನೋ’. ಅವಳು ಮಾಡುತ್ತಿದ್ದದ್ದು ಇಷ್ಟೇ: ಕೈಯೋ ಮೆದುಳೋ ಕೈಕೊಟ್ಟವರಿಗೆ ಗುಂಡಿ ಹಾಕುವುದು, ಊಟ ಮಾಡುವುದು, ಸ್ನಾನ ಮಾಡುವುದು ಹೀಗೆ ದಿನದ ಕೆಲಸಗಳನ್ನು ಮತ್ತೆ ಕಲಿಸುವುದು. ಬ್ಯಾಟರಾಯಪ್ಪನವರಿಗೆ ಲಕ್ವ ಹೊಡೆದು ಬಲಗೈ ಸೋತಿತ್ತು. ವಯಸ್ಸು ಎಪ್ಪತ್ತೆರಡು. ಬಾಯಿಗೆ ಮಾತ್ರ ಏನೂ ಆಗಿರಲಿಲ್ಲ.

ಕೆಂಪಾಪುರದ ಒಂದು ಶಾಲೆಯವರು ವಾರಕ್ಕೊಂದು ದಿನ ಮಕ್ಕಳನ್ನು ನೋಡಲು ಅವಳನ್ನು ಕರೆದಿದ್ದರು. ನೋಂದಣಿಯ ಪ್ರತಿ ಕಳಿಸಿ ಎಂದು ಬೆಳಿಗ್ಗೆಯೇ ಮೆಸೇಜ್ ಬಂದಿತ್ತು. ಫೋನಿನಲ್ಲಿ, ಲೈಸೆನ್ಸ್ ಕೊಡುವ ಕೌನ್ಸಿಲ್ಲಿನ ಪುಟ ತೆರೆದು ನೋಡಿದರೆ ಅವಳ ಹೆಸರಿನ ಪಕ್ಕ ಕೆಂಪಕ್ಷರದಲ್ಲಿ ‘ಅವಧಿ ಮುಗಿದಿದೆ’.

“ಏನಾಯ್ತವ್ವ? ಮಕ ಯಾಕ್ ಇಂಗಾಯ್ತು?”

“ತಾತ, ನನ್ ಲೈಸೆನ್ಸ್ ಮುಗ್ದೋಗಿದೆ.”

“ಅಷ್ಟೇ ತಾನೆ? ನಾನು ಲೈಸೆನ್ಸೇ ಇಲ್ದೆ ನಲವತ್ತು ವರ್ಸ ಟ್ರ್ಯಾಕ್ಟ್ರು ಓಡ್ಸಿವ್ನಿ. ಕ್ಲಿಪ್ ಕೊಡು ಇತ್ಲಾಗೆ.”

“ಹಾಗಲ್ಲ ತಾತ. ಇನ್ಮೇಲೆ ನಾನು ನಿಮ್ಮ ಕೈ ಮುಟ್ಟೋ ಹಾಗಿಲ್ಲ.”

“ಮುಟ್ಬ್ಯಾಡ. ದೂರ ನಿಂತ್ಕಂಡು ಬೈಯಿ. ದಿನಾ ಮಾಡೋದು ಅದೇ ಅಲ್ವಾ?”

ಮಾರನೇ ದಿನ ಅವಳು ಕೌನ್ಸಿಲ್ ಆಫೀಸಿಗೆ ಹೋದಳು. ಕೌಂಟರಿನಲ್ಲಿದ್ದ ಸ್ಮಿತಾ ಕಂಪ್ಯೂಟರ್ ನೋಡಿ, “ಮೂರು ಸಲ ಮೇಲ್ ಹಾಕಿದ್ದೀವಲ್ಲ ಮೇಡಂ” ಎಂದಳು.

“ನಂಗೆ ಒಂದೂ ಬಂದಿಲ್ಲ. ಯಾವ ಐಡಿಗೆ ಹಾಕಿದ್ರಿ?”

ಸ್ಮಿತಾ ಪರದೆ ನೋಡಿಕೊಂಡು, ಕ್ಯೂನಲ್ಲಿದ್ದ ಹದಿನೈದು ಜನಕ್ಕೂ ಕೇಳುವಂತೆ ಓದಿದಳು: “ಸ್ವೀಟ್ ಪದ್ದು ಅಂಡರ್‌ಸ್ಕೋರ್ ಏಂಜಲ್ ಅಂಡರ್‌ಸ್ಕೋರ್...”

“ಸಾಕು, ಸಾಕು! ಅದು ಕಾಲೇಜಲ್ಲಿದ್ದಾಗ ಮಾಡಿದ್ದು.”

“ಗೊತ್ತಾಗತ್ತೆ ಮೇಡಂ.”

ಐದು ವರ್ಷಕ್ಕೊಮ್ಮೆ ನವೀಕರಣ, ಅದಕ್ಕೆ ಮೂವತ್ತು ಗಂಟೆ ತರಬೇತಿ. ಪದ್ಮಶ್ರೀಯ ಲೆಕ್ಕದಲ್ಲಿ ಇದ್ದದ್ದು ಹದಿನೆಂಟು. ಉಳಿದ ಹನ್ನೆರಡು ಗಂಟೆ ಕೂತು ಕಲಿಯಬೇಕು, ಕೊನೆಗೆ ಒಬ್ಬ ರೋಗಿಯನ್ನು ಕರೆತಂದು ಎಲ್ಲರೆದುರು ತೋರಿಸಬೇಕು. ಅಲ್ಲಿಯವರೆಗೆ ಕ್ಲಿನಿಕ್ ಬಂದ್.

ಹೊರಗೆ ಟೀ ಅಂಗಡಿಯಲ್ಲಿ ಮಹೇಂದ್ರ ಎಂಬಾತ ಪಕ್ಕಕ್ಕೆ ಬಂದು ನಿಂತ. ಅರ್ಜಿ ತುಂಬಿಕೊಡುವುದು ಅವನ ಕೆಲಸವಂತೆ. ಇನ್ನೂ ಏನೇನು ತುಂಬುತ್ತಾನೆ ಎನ್ನುವುದು ಅವನ ನಗುವಿನಲ್ಲೇ ಗೊತ್ತಾಗುತ್ತಿತ್ತು. “ಹನ್ನೆರಡ್ಯಾಕೆ ಮೇಡಂ? ಇಪ್ಪತ್ತು ಗಂಟೆಗೇ ಸರ್ಟಿಫಿಕೇಟ್ ಕೊಡ್ತೀನಿ. ಎರಡೇ ದಿನ” ಎಂದು ಒಂದು ಮಾದರಿ ತೋರಿಸಿದ.

ಪದ್ಮಶ್ರೀಗೆ ಆಸೆಯಾಯಿತು. ಚೆನ್ನಾಗಿಯೇ ಆಯಿತು. ಸೀಲು, ಸಹಿ, ಬಂಗಾರದ ಬಣ್ಣದ ಅಂಚು ಎಲ್ಲ ಇತ್ತು. ಆಮೇಲೆ ನಡುವಿನ ಸಾಲು ಓದಿದಳು.

“ಇದರಲ್ಲಿ ‘ಅಕೇಶನಲ್ ಥೆರಪಿ’ ಅಂತಿದೆ. ಅಂದ್ರೆ ನಾನು ಆವಾಗಾವಾಗ ಥೆರಪಿ ಮಾಡ್ತೀನಿ ಅಂತಲಾ?”

“ಒಂದೆರಡಕ್ಷರ ಹೆಚ್ಚೂಕಮ್ಮಿ ಮೇಡಂ, ಯಾರ್ ನೋಡ್ತಾರೆ?”

ಅವಳು ಟೀ ಕುಡಿದು ಎದ್ದುಬಂದಳು. ಪ್ರಾಮಾಣಿಕತೆ ಅವಳನ್ನು ಕಾಪಾಡಿತು ಎಂದರೆ ಸುಳ್ಳಾದೀತು. ಕಾಪಾಡಿದ್ದು ಆ ಸ್ಪೆಲಿಂಗು.

ತನ್ನ ಹನ್ನೊಂದು ರೋಗಿಗಳನ್ನು ಯಲಹಂಕದಲ್ಲಿ ಕ್ಲಿನಿಕ್ ಇಟ್ಟಿದ್ದ ಸಹಪಾಠಿ ನಯೀಮನ ಹತ್ತಿರ ಕಳಿಸಿದಳು. ಬ್ಯಾಟರಾಯಪ್ಪ ಒಂದೇ ದಿನಕ್ಕೆ ವಾಪಸು.

“ಆವಯ್ಯ ಬಲು ಒಳ್ಳೇನು ಕಣವ್ವ. ಮಾತ್ಮಾತಿಗೂ ‘ಸರ್’ ಅಂತಾನೆ. ಸರ್ ಅನ್ನಿಸ್ಕಂಡ್ರೆ ನನ್ ಕೈ ಏಳಾಕಿಲ್ಲ.”

ತರಬೇತಿ ಸೋಲದೇವನಹಳ್ಳಿಯ ಒಂದು ಕಾಲೇಜಿನಲ್ಲಿ, ಎರಡು ಶನಿವಾರ, ಎರಡು ಭಾನುವಾರ. ಪದ್ಮಶ್ರೀ ಹಿಂದಿನ ಬೆಂಚು ಹುಡುಕುತ್ತಿದ್ದಾಗ ಮುಂದಿನಿಂದ ದನಿ ಬಂತು: “ಬನ್ನಿ ಮ್ಯಾಮ್, ಇಲ್ಲೇ ಕೂತ್ಕೊಳ್ಳಿ.” ಪಾಠ ಮಾಡುವವಳು ಮಹತಿ. ನಾಲ್ಕು ವರ್ಷದ ಹಿಂದೆ ಇದೇ ಪದ್ಮಶ್ರೀಯ ಕೈಕೆಳಗೆ ಕೆಲಸ ಕಲಿಯಲು ಬಂದು, ಬೈಸಿಕೊಂಡು, ಬೇಕರಿಯ ಮೆಟ್ಟಿಲ ಮೇಲೆ ಕೂತು ಅತ್ತ ಹುಡುಗಿ.

ಮಹತಿ ಸೇಡು ತೀರಿಸಿಕೊಂಡಳೋ ಪಾಠ ಮಾಡಿದಳೋ ಹೇಳುವುದು ಕಷ್ಟ. ಪದ್ಮಶ್ರೀಯನ್ನೇ ಎದುರಿಗೆ ಕರೆದು, ಅವಳ ಬಲಗೈಯನ್ನು ಬೆನ್ನಿಗೆ ಕಟ್ಟಿಸಿ, ಒಂದು ಗಂಡಸರ ಶರ್ಟು ಕೊಟ್ಟಳು. “ಎಡಗೈಯಲ್ಲಿ ಹಾಕ್ಕೊಂಡು ಗುಂಡಿ ಹಾಕಿ ಮ್ಯಾಮ್.” ಮೂರನೇ ಗುಂಡಿಗೆ ಪದ್ಮಶ್ರೀಯ ಹಣೆ ಬೆವರಿತು. ನಾಲ್ಕನೆಯದು ತಪ್ಪು ತೂತಿಗೆ ಹೋಯಿತು. “ಬೇಗ ಮ್ಯಾಮ್, ಬೇಗ” ಎಂದಳು ಮಹತಿ, ನಗುನಗುತ್ತಾ. ಒಂಬತ್ತು ನಿಮಿಷ ಹಿಡಿಯಿತು. ತನ್ನ ರೋಗಿಗಳಿಗೆ ಅವಳು ಕೊಡುತ್ತಿದ್ದದ್ದು ಐದು. ಊಟದ ಹೊತ್ತಿನಲ್ಲಿ ಅವಳು ಅನ್ನ ಕಲಸುತ್ತಾ ತನ್ನ ಬಲಗೈಯನ್ನೇ ನೋಡುತ್ತಿದ್ದಳು.

ಕೊನೆಯ ಭಾನುವಾರ ರೋಗಿಯನ್ನು ತೋರಿಸುವ ಸರದಿ. ಬ್ಯಾಟರಾಯಪ್ಪನವರನ್ನು ಕೇಳಿದ್ದಕ್ಕೆ ಅವರು ಕೇಳಿದ್ದು ಒಂದೇ ಪ್ರಶ್ನೆ: “ಎಷ್ಟು ಜನ ಇರ್ತಾರೆ?”

“ನಲವತ್ತು.”

“ಆಗ್ಲಿ. ಬತ್ತೀನಿ.”

ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ, ಹೆಂಡತಿ ಮುನಿಯಲ್ಲಮ್ಮನ ಜೊತೆ ಮದುವೆಗೆ ಬಂದಂತೆ ಬಂದರು. ಕ್ಲಿಪ್ಪು, ಗುಂಡಿ, ಚಮಚ ಎಂದು ಪದ್ಮಶ್ರೀ ಎಲ್ಲ ಸಿದ್ಧ ಮಾಡಿಕೊಂಡಿದ್ದಳು. ಅವಳು ಮೂರನೇ ಸ್ಲೈಡಿಗೆ ಬರುವಷ್ಟರಲ್ಲಿ ತಾತ ಆಕಳಿಸಿ ಎದ್ದುನಿಂತರು.

“ಈ ಕ್ಲಿಪ್ಪು ಗಿಪ್ಪು ಯಾರಿಗ್ ಬೇಕು? ನೋಡಿ ಇಲ್ಲಿ” ಎಂದು ಪಂಚೆಯನ್ನು ಬಿಚ್ಚೇಬಿಟ್ಟರು.

ನಲವತ್ತು ಥೆರಪಿಸ್ಟುಗಳ ಎದುರಿಗೆ ಒಂದು ಪಟ್ಟಾಪಟ್ಟಿ ಚಡ್ಡಿ. ಯಾರೋ ಕಿರುಚಿದರು. ಮುನಿಯಲ್ಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಅಯ್ಯೋ, ಇವರ ಬುದ್ಧಿಗಿಷ್ಟು!” ಎಂದರು. ಪದ್ಮಶ್ರೀ ಓಡಿಹೋಗಿ ಪಂಚೆ ಹಿಡಿಯಲು ಕೈ ಚಾಚಿದಳು.

“ಮುಟ್ಬ್ಯಾಡ! ಲೈಸೆನ್ಸ್ ಇಲ್ಲ ನಿಂಗೆ!”

ಅವಳು ಕೈ ಹಿಂದಕ್ಕೆ ತೆಗೆದಳು. ತಾತ ಪಂಚೆಯನ್ನು ಹಿಂದಿನಿಂದ ಸುತ್ತಿ ತಂದರು. ಎಡಗೈ ಸಲೀಸಾಗಿ ಬಂತು, ಬಲಗೈ ನಡುಗುತ್ತಾ ಹಿಂದೆ ಬಂತು. ನೆರಿಗೆ ಹಿಡಿದರು, ಜಾರಿತು. ಮತ್ತೆ ಹಿಡಿದರು. ‘ಬೇಗ’ ಎಂಬ ಮಾತು ಪದ್ಮಶ್ರೀಯ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಆರು ನಿಮಿಷ ಕಳೆದ ಮೇಲೆ ಬಲಗೈ ಹೆಬ್ಬೆರಳು ನೆರಿಗೆಯನ್ನು ಸೊಂಟಕ್ಕೆ ತುರುಕಿತು. ಪಂಚೆ ನಿಂತಿತು. ಮಹತಿಯೇ ಮೊದಲು ಚಪ್ಪಾಳೆ ತಟ್ಟಿದಳು.

“ಇನ್ನೊಂದ್ ಸಲ ತೋರ್ಸ್ಲಾ?”

“ಬೇಡ!” ಎಂದರು ನಲವತ್ತೂ ಜನ.

ಮೌಲ್ಯಮಾಪನದ ಹಾಳೆಯಲ್ಲಿ ಪದ್ಮಶ್ರೀ ಪಾಸಾಗಿದ್ದಳು. ಕೆಳಗೆ ಒಂದು ಷರಾ: ‘ರೋಗಿಯ ಖಾಸಗಿತನ ಕಾಪಾಡುವಲ್ಲಿ ಸುಧಾರಣೆ ಅಗತ್ಯ.’

ಮೂರು ವಾರಕ್ಕೆ ಹೊಸ ನೋಂದಣಿ ಬಂತು. ಜೊತೆಗೆ ಆ ಏಳು ತಿಂಗಳಿಗೊಂದು ಎಚ್ಚರಿಕೆ ಪತ್ರವೂ ಬಂತು. ಕ್ಲಿನಿಕ್ ತೆರೆದ ಸೋಮವಾರ ಹನ್ನೊಂದರಲ್ಲಿ ಏಳು ಜನ ಮರಳಿ ಬಂದರು. ‘ಸರ್’ ಅನ್ನಿಸಿಕೊಳ್ಳುವುದು ರುಚಿಸಿದ ಮೂವರು ನಯೀಮನಲ್ಲೇ ಉಳಿದರು. ಬ್ಯಾಟರಾಯಪ್ಪನವರ ಬದಲು ಮುನಿಯಲ್ಲಮ್ಮ ಒಬ್ಬರೇ ಮೆಟ್ಟಿಲು ಹತ್ತಿ ಬಂದರು.

“ಅವ್ರು ಬರಾಕಿಲ್ಲಂತೆ ಕಣವ್ವ. ಉಸಾರಾಗೋಯ್ತಂತೆ.”

ಪದ್ಮಶ್ರೀಗೆ ಸಂತೋಷವಾಗಬೇಕಿತ್ತು. ಅವರಿಗೆಂದು ತೆಗೆದಿಟ್ಟಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದಳು. ಮುನಿಯಲ್ಲಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಐವತ್ತು ವರ್ಸ ಆವಯ್ಯ ಉಂಡ ತಟ್ಟೆ ಎತ್ತಿದೋರಲ್ಲ. ಕೈ ಸೋತ ಮ್ಯಾಲೆ, ನೀನ್ ಏಳ್ದೆ ಅಂತ ಲೋಟ ತೊಳೀತಾರೆ, ಬಟ್ಟೆ ಮಡಚ್ತಾರೆ. ಈಗ ಉಸಾರಾಯ್ತು ಅಂತ ಎಲ್ಲಾ ಬಿಟ್ಬುಟ್ರೆ? ಅದಕ್ಕೇ ಒಂದು ಚೀಟಿ ಬರ್ಕೊಡು.”

ಪದ್ಮಶ್ರೀಗೆ ಶಾಸ್ತ್ರದ ಪ್ರಕಾರ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಲೆಟರ್‌ಹೆಡ್ ಎಳೆದುಕೊಂಡು, ‘ಪಾತ್ರೆ ತೊಳೆಯುವುದು, ಬಲಗೈಯಲ್ಲಿ, ದಿನಕ್ಕೆ ಎರಡು ಹೊತ್ತು, ಅವಸರವಿಲ್ಲದೆ’ ಎಂದು ಬರೆದು ಸೀಲು ಒತ್ತಿದಳು.

ಮುನಿಯಲ್ಲಮ್ಮ ಚೀಟಿಯನ್ನು ಅವಳಿಂದಲೇ ಓದಿಸಿ ಕೇಳಿದರು.

“ಭಾನ್ವಾರಾನೂ ಸೇರ್ಸವ್ವ” ಎಂದರು.