ಎರಡನೆಯ ಮಲೀದಾ

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಗೌರಾದೇವಿ ಸ್ಟೀಲ್ ಬೋಗುಣಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಎದುರು ಮನೆಯಿಂದ ರಸ್ತೆ ದಾಟಿ ಬರುವುದನ್ನು ಸಿಪ್ಪೋರಾ ಪೇಣ್ಕರ್ ಕಿಟಕಿಯಿಂದ ಕಂಡರು. ಒಂದು ಕಾರು ಬಂತು. ಗೌರಾದೇವಿ ನಿಂತರು, ಕಾರಿನವನೂ ನಿಲ್ಲಿಸಿದ. ನೀವು ಮೊದಲು, ನೀವು ಮೊದಲು ಎಂದು ಇಬ್ಬರೂ ತಲೆಯಾಡಿಸುತ್ತ ಅರ್ಧ ನಿಮಿಷ ಕಳೆದರು. ಅಮೆರಿಕದ ಸಿಯಾಟಲ್ ಪಕ್ಕದ ಈ ಶೋರ್‌ಲೈನ್‌ನಲ್ಲಿ ಇದು ದಿನಾ ನಡೆಯುವುದೇ.

ಬೋಗುಣಿ ಸಿಪ್ಪೋರಾ ಅವರದು. ಹತ್ತು ದಿನದ ಹಿಂದೆ ಮೆಟ್ಟಿಲ ಮೇಲೆ ಜಾರಿ ಅವರ ಬಲಗೈ ಮಣಿಕಟ್ಟು ಉಳುಕಿತ್ತು. ಪಟ್ಟಿ ಕಟ್ಟಿದ ಕೈಯಲ್ಲಿ ಮಲೀದಾ ಎಂಬ ಸಿಹಿಗೆ ಕಾಯಿ ಹೆರೆಯುವುದು ಹೇಗೆ? ಸಂಗತಿ ಗೊತ್ತಾದಾಗ ಗೌರಾದೇವಿಯೇ ಹೇಳಿದ್ದರು: “ಬೋಗಾಣಿ ಇತ್ಲಾಗ ಕೊಡ್ರಿ ಬಾಯಾರ. ನಮ್ಮನಿಯಾಗ ಈಳಿಗಿ ಐತಿ. ನೀವು ಹೇಳಿದಂಗ ಕಲಿಸಿ ತರ್ತೀನಿ.”

ಇಬ್ಬರ ಪರಿಚಯಕ್ಕೆ ಮೂರು ತಿಂಗಳು. ಗೌರಾದೇವಿ ಹುಬ್ಬಳ್ಳಿಯವರು, ಮಗಳು ಪೂರ್ಣಿಮಾಳ ಬಾಣಂತನಕ್ಕೆ ಬಂದವರು. ಸಿಪ್ಪೋರಾ ಹುಟ್ಟಿ ಬೆಳೆದದ್ದೂ ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿಯೇ. ತಂದೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಅವರದು ಕೊಂಕಣ ಕಡೆಯ ಬೆನೆ ಇಸ್ರೇಲ್ ಎಂಬ ಯೆಹೂದಿ ಮನೆತನ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ಇಪ್ಪತ್ತನೆಯ ವಯಸ್ಸಿಗೆ ಗಂಡ ಸ್ಯಾಮ್ಸನ್ ಜೊತೆ ಅವರು ಇಸ್ರೇಲಿಗೆ ಹೋದರು. ನಮ್ಮ ಹಿರಿಯರ ನಾಡು ಎಂದು ಚಿಕ್ಕಂದಿನಿಂದ ಪ್ರಾರ್ಥನೆಯಲ್ಲಿ ಕೇಳುತ್ತ ಬಂದ ನಾಡು. ಅಲ್ಲಿ ಅವರಿಗೆ ಸಿಕ್ಕಿದ್ದು ಮರುಭೂಮಿಯ ದಿಮೋನಾ ಊರಿನಲ್ಲಿ ಎರಡು ಕೋಣೆಯ ಮನೆ ಮತ್ತು ಬಟ್ಟೆ ಗಿರಣಿಯಲ್ಲಿ ಕೆಲಸ. ಐವತ್ತೈದು ವರ್ಷ ಆಡದೆ ಉಳಿದಿದ್ದ ಕನ್ನಡ ಈ ಮೂರು ತಿಂಗಳಲ್ಲಿ ನಾಲಗೆಗೆ ವಾಪಸ್ಸು ಬಂದಿತ್ತು. ಅವರ ಕನ್ನಡ ಕೇಳಿದರೆ ತನ್ನ ಅಜ್ಜಿ ಮಾತಾಡಿದ ಹಾಗಿದೆ ಎಂದು ಪೂರ್ಣಿಮಾ ನಗುತ್ತಿದ್ದಳು.

ಸಿಪ್ಪೋರಾ ಈಗ ಇಲ್ಲಿರುವುದು ಮಗಳು ಇಲಾನಾಳ ಮನೆಯಲ್ಲಿ. ಇಲಾನಾ ಮದುವೆಯಾಗಿ ಸಿಯಾಟಲ್‌ಗೆ ಬಂದವಳು. ಅವಳ ಮಗಳು ತಾಲ್ಯಾ ನರ್ಸಿಂಗ್ ಮುಗಿಸಿ, ತಾಯಿ ಬಿಟ್ಟು ಬಂದ ನಾಡಿಗೇ ಬಾಳಲು ಹೊರಟಿದ್ದಳು. ದಿಮೋನಾಕ್ಕೆ ಹತ್ತಿರದ ಬೇರ್ಶೆಬಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಪ್ರಯಾಣ ಮಂಗಳವಾರ. ಅಲ್ಲಿನ ಸುದ್ದಿ ಟಿ.ವಿ.ಯಲ್ಲಿ ನೋಡಿ ನೋಡಿ ಇಲಾನಾಳ ಮುಖ ಬತ್ತಿಹೋಗಿತ್ತು. ಆದರೂ ಅವಳು ಬೇಡ ಎನ್ನಲಿಲ್ಲ.

ಬೆನೆ ಇಸ್ರೇಲ್ ಮನೆಗಳಲ್ಲಿ ಯಾರಾದರೂ ದೂರ ಹೊರಟರೆ ಮಲೀದಾ ಮಾಡುತ್ತಾರೆ. ತೆಳು ಅವಲಕ್ಕಿ ನೆನೆಸಿ, ಹಸಿ ಕಾಯಿತುರಿ, ಸಕ್ಕರೆ, ಏಲಕ್ಕಿ, ಬಾದಾಮಿ ಸೇರಿಸಿ, ತಟ್ಟೆಯಲ್ಲಿ ಗುಡ್ಡದ ಹಾಗೆ ಒಟ್ಟುತ್ತಾರೆ. ಸುತ್ತ ಐದು ಬಗೆಯ ಹಣ್ಣು, ಮೇಲೆ ಗುಲಾಬಿ ದಳ. ಎಲಿಯಾಹು ಪ್ರವಾದಿಯನ್ನು ನೆನೆದು, ದೇವರನ್ನು ಸ್ತುತಿಸಿ, ಎಲ್ಲರಿಗೂ ಹಂಚುತ್ತಾರೆ. ಸಂಜೆ ನಾಲ್ಕಕ್ಕೆ ಇಲಾನಾಳ ಅತ್ತೆ ರೆಜಿನಾ ಮತ್ತು ಅವರ ಕಡೆಯವರು ಬರುವವರಿದ್ದರು. ಅವರೂ ಯೆಹೂದಿಗಳೇ, ಆದರೆ ಅವರ ಹಿರಿಯರು ಟರ್ಕಿಯವರು. ಮಲೀದಾ ಅವರಲ್ಲಿಲ್ಲ. ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಇಲಾನಾ ಅವರೆದುರು ಅದನ್ನು ಒಮ್ಮೆಯೂ ಮಾಡಿರಲಿಲ್ಲ.

ಗೌರಾದೇವಿ ಬೋಗುಣಿಯನ್ನು ಅಡುಗೆಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಏಲಕ್ಕಿಯ ಘಮ ಬಂತು. ಕಾಯಿತುರಿ ಹೂವಿನ ಹಾಗೆ ಬಿಡಿಬಿಡಿಯಾಗಿತ್ತು.

“ಭಾಳ ಛಲೋ ಆಗೇತ್ರಿ ಗೌರವ್ವ. ನಮ್ಮವ್ವ ಮಾಡಿದಂಗ ಐತಿ. ರುಚಿ ನೋಡಿದ್ರಿಲ್ಲೋ?”

“ಏನ್ರೀ ಬಾಯಾರ, ದೇವರ ಕೆಲಸದ್ದು ಎಂಜಲ ಮಾಡೂದ? ದೇವರ ಜಗಲಿ ಮ್ಯಾಲಿಟ್ಟು, ದೀಪಾ ಹಚ್ಚಿ, ವೀರಭದ್ರಗ ಎಡಿ ಹಿಡದೇ ತಂದೀನಿ. ಹುಡಿಗಿ ಅಷ್ಟ ದೂರ ಹೊಂಟಾಳ, ಕಾಪಾಡಪಾ ಅಂತ ಬೇಡಿಕೊಂಡೀನಿ.” ಗೌರಾದೇವಿ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡರು. “ಹೋಗಿ ಸೀರಿ ಬದಲಿ ಮಾಡಿ ನಾಕಕ್ಕ ಬರ್ತೀನಿ. ಕೂಸು ಎದ್ದಿರ್ತೈತಿ.”

ಸಿಪ್ಪೋರಾ “ಹೂಂ” ಎಂದಷ್ಟೇ ಹೇಳಿದರು.

ಬಾಗಿಲು ಮುಚ್ಚಿದ ಮೇಲೆ ಬೋಗುಣಿಯ ಮುಂದೆ ಕುರ್ಚಿ ಎಳೆದುಕೊಂಡು ಕುಳಿತರು. ಬೇರೆ ದೇವರ ಮುಂದಿಟ್ಟದ್ದನ್ನು ಯೆಹೂದಿ ಉಣ್ಣುವಂತಿಲ್ಲ. ಇದರಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ. ಆದರೆ ಈ ಮನೆಯಲ್ಲಿ ಇನ್ನಾರಿಗೂ ಸಂಗತಿ ಗೊತ್ತಿಲ್ಲ. ಇಲಾನಾಳಿಗೆ ಕನ್ನಡ ಬಾರದು. ಸುಮ್ಮನೆ ತಟ್ಟೆಗೆ ಒಟ್ಟಿದರೆ ರೆಜಿನಾ ಹೊಗಳಿ ತಿನ್ನುತ್ತಾರೆ, ಗೌರಾದೇವಿಗೂ ಸಂತೋಷ. ತಮ್ಮೊಬ್ಬರ ಮನಸ್ಸು ಮಾತ್ರ ಕೆಡುತ್ತದೆ. ಅಷ್ಟಲ್ಲದೆ ಇದು ತಾಲ್ಯಾಳ ಹೆಸರಿನ ಮಲೀದಾ. ಅದೇ ಸುಳ್ಳಾದರೆ ಹುಡುಗಿಯನ್ನು ಯಾವ ಬಾಯಿಂದ ಹರಸಿ ಕಳಿಸುವುದು?

ಇನ್ನೊಂದು ದಾರಿಯೂ ಹೊಳೆಯಿತು. ಬೋಗುಣಿ ಕೈಜಾರಿ ಬಿತ್ತು ಎಂದರೆ, ಪಟ್ಟಿ ಕಟ್ಟಿದ ಮಣಿಕಟ್ಟು ನೋಡಿ ಯಾರೂ ಅನುಮಾನ ಪಡುವುದಿಲ್ಲ. ಎಡಗೈಯಿಂದ ಅದನ್ನು ಕಟ್ಟೆಯ ಅಂಚಿನವರೆಗೂ ಸರಿಸಿದರು. ಸರಿಸಿ, ಅಲ್ಲೇ ಹಿಡಿದುಕೊಂಡು ನಿಂತರು. ಆ ಹೆಂಗಸು ಬೆಳಿಗ್ಗೆಯೆಲ್ಲ ನೆಲದ ಮೇಲೆ ಕುಳಿತು ಎರಡು ಕಾಯಿ ಹೆರೆದಿದ್ದಾರೆ. ತಾಲ್ಯಾಳ ಹೆಸರು ಹೇಳಿ ಕೈ ಮುಗಿದಿದ್ದಾರೆ. ಅದನ್ನು ನೆಲಕ್ಕೆ ಚೆಲ್ಲುವುದು ಯಾವ ನ್ಯಾಯ?

“ಇಮಾ, ಇನ್ನೂ ತಟ್ಟೆಗೆ ಹಾಕಿಲ್ಲವಾ?” ಇಲಾನಾ ಒಳಗೆ ಬಂದಳು. ತಾಯಿಯನ್ನು ಅವಳು ಹೀಬ್ರೂವಿನಲ್ಲಿ ಇಮಾ ಎಂದೇ ಕರೆಯುವುದು. “ಎಷ್ಟು ಚೆನ್ನಾಗಿ ಮಾಡಿದ್ದಾರೆ. ಗುಲಾಬಿ ತರಲಾ?”

“ತಡೆ,” ಎಂದರು ಸಿಪ್ಪೋರಾ. “ಒಂದು ಮಾತು ಕೇಳಿ ಬರ್ತೀನಿ.”

ಬೋಗುಣಿಯನ್ನು ಎಡಗೈಯಲ್ಲಿ ಸೊಂಟಕ್ಕೆ ಇರುಕಿಕೊಂಡು ಅವರು ರಸ್ತೆ ದಾಟಿದರು. ಗೌರಾದೇವಿ ನಿರಿಗೆ ಹಿಡಿಯುತ್ತಲೇ ಬಾಗಿಲು ತೆರೆದರು. ಬೋಗುಣಿ ನೋಡಿ ಅವರ ಕೈ ನಿಂತಿತು.

“ಕಡಿಮಿ ಬಿತ್ತೇನ್ರೀ?”

“ಕಡಿಮಿ ಬಿದ್ದಿಲ್ಲ. ಗೌರವ್ವ, ನಾ ಒಂದ್ ಮಾತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನೀವು ಎಡಿ ಹಿಡದು ತಂದ್ರಿ. ಬ್ಯಾರೆ ದೇವರ ಮುಂದಿಟ್ಟಿದ್ದು ನಮಗ ನಡಿಯಂಗಿಲ್ಲ. ಮೊದಲ ಹೇಳಬೇಕಿತ್ತು. ನನಗ ಹೊಳೀಲಿಲ್ಲ.”

ಗೌರಾದೇವಿ ನಿರಿಗೆ ಸಿಕ್ಕಿಸಿಕೊಂಡು ಸೋಫಾದ ತುದಿಗೆ ಕುಳಿತರು. ಒಳಗೆ ಕೂಸು ಕುಂಯ್‌ಗುಡುತ್ತಿತ್ತು. ಇನ್ನು ತಮ್ಮ ಜೊತೆ ಮಾತೇ ಆಡುವುದಿಲ್ಲವೇನೋ ಎಂದು ಸಿಪ್ಪೋರಾ ಅಂದುಕೊಂಡರು.

“ಹುಡಿಗೀಗೆ ಏನರ ಕೆಟ್ಟ ಆಗ್ತೈತೇನ್ರೀ, ನಾ ಹಿಂಗ ಮಾಡಿದ್ದಕ್ಕ?”

“ಛೇ, ಇಲ್ರೀ. ನೀವು ಒಳ್ಳೇದನ್ನ ಬೇಡೀರಿ. ಕಟ್ಟಳಿ ಅಷ್ಟ. ನಮ್ಮ ಮಂದಿಗೆ ಒಂದ್ ಕಟ್ಟಳಿ ಐತಿ.”

“ಹಂಗನ್ರಿ ಮತ್ತ.” ಗೌರಾದೇವಿ ಉಸಿರು ಬಿಟ್ಟರು. “ನಮ್ಮತ್ತಿ ಲಿಂಗಪೂಜಿ ಆಗೂತನಕಾ ನೀರ ಸೈತ ಬಾಯಿಗೆ ಹಾಕ್ತಿದ್ದಿಲ್ಲ. ಆಕಿ ಕೈಯಾಗ ಮೂವತ್ತ ವರ್ಷ ಬಾಳೇವು ಮಾಡೀನಿ. ಕಟ್ಟಳಿ ಅಂದ್ರೇನು ನನಗ ಹೇಳಿಕೊಡ್ತೀರೇನು? ನೀವು ಹೇಳಿದ್ದ ಛಲೋ ಆತು. ಹೇಳದ ಮುಚ್ಚಿಟ್ಟು, ಮುಂದ ನನಗ ಗೊತ್ತಾಗಿದ್ರ ನಿಮ್ಮ ಕೂಡ ಮಾತ ಬಿಡ್ತಿದ್ದೆ.” ಎದ್ದು ನಿಂತರು. “ಅವಲಕ್ಕಿ ಅರ್ಧ ಪಾಕೀಟ ಉಳದೈತಿ. ಕಾಯಿ ಇಲ್ಲ. ಯಾರಿಗರ ಅಂಗಡಿಗೆ ಹೋಗಾಕ ಹೇಳ್ರಿ, ಲಗೂ.”

ಹೋದವಳು ತಾಲ್ಯಾ. ಮುಕ್ಕಾಲು ಗಂಟೆಯಲ್ಲಿ ಮೂರು ಕಾಯಿ ತಂದಳು. ಅಷ್ಟರಲ್ಲಿ ಗೌರಾದೇವಿ ಈಳಿಗೆಯನ್ನು ಹೊತ್ತು ತಂದು, ಇಲಾನಾಳ ಅಡುಗೆಮನೆಯ ನೆಲದ ಮೇಲೆ, ಪಾತ್ರೆ ತೊಳೆಯುವ ಯಂತ್ರದ ಮುಂದೆ ಕುಳಿತಿದ್ದರು. ಅಲ್ಲಿ ನೆಲದ ಮೇಲೆ ಯಾರೂ ಕುಳಿತದ್ದನ್ನು ತಾಲ್ಯಾ ಕಂಡಿರಲಿಲ್ಲ. ಅವಳೂ ಪಕ್ಕದಲ್ಲಿ ಚಕ್ಕಳಬಕ್ಕಳ ಹಾಕಿ ಕುಳಿತಳು.

ಗೌರಾದೇವಿ ಕಾಯಿ ಕೈಗೆ ತೆಗೆದುಕೊಂಡವರು ತಡೆದರು. “ನಾ ಒಡೀಲೋ, ನೀವ ಒಡೀತೀರೋ?”

“ನೀವ ಒಡೀರಿ. ಯಾರ ಹೆಸರೀಲೂ ಒಡೀಬ್ಯಾಡ್ರಿ, ಅಷ್ಟ.”

“ಕಾಯಿ ಹಿಡಕೊಂಡ ಕೂಡಲೇ ಬಾಯಾಗ ದೇವರ ಹೆಸರ ಬರ್ತೈತಿ. ತುಟಿ ಬಿಗಿಹಿಡಕೊಂಡ ಒಡೀತೀನಿ ತಡೀರಿ.” ನಿಜಕ್ಕೂ ತುಟಿ ಕಚ್ಚಿ ಹಿಡಿದು ಒಡೆದರು. ಸಿಪ್ಪೋರಾ ನಕ್ಕರು.

ಒಂದು ಬೋಗುಣಿ ತಯಾರಿದ್ದಾಗ ಇನ್ನೊಂದು ಏಕೆ ಎಂದು ತಾಲ್ಯಾ ಇಂಗ್ಲಿಷಿನಲ್ಲಿ ಕೇಳಿದಳು. ಸಿಪ್ಪೋರಾ ಹೇಳಿದರು. ಬಾದಾಮಿ ಕೊಡಲು ಬಂದಿದ್ದ ಇಲಾನಾ ಅಲ್ಲೇ ನಿಂತು ಕೇಳಿಸಿಕೊಂಡಳು.

“ಯಾರಿಗೂ ತಿಳಿಯುತ್ತಿರಲಿಲ್ಲ ಇಮಾ. ಗಂಟೆ ಮೂರೂವರೆ.”

“ನನಗೆ ತಿಳಿದಿತ್ತಲ್ಲ,” ಎಂದರು ಸಿಪ್ಪೋರಾ. ಆಮೇಲೆ ಮೊಮ್ಮಗಳ ಕಡೆ ತಿರುಗಿ, ಇಲಾನಾಳಿಗೂ ಎಂದೂ ಹೇಳದಿದ್ದ ಸಂಗತಿಯನ್ನು ಹೇಳಿದರು. ಹೇಳುವಾಗ ಎಡಗೈಯಿಂದ ಬಾದಾಮಿ ಸಿಪ್ಪೆ ಬಿಡಿಸುತ್ತಲೇ ಇದ್ದರು.

ದಿಮೋನಾಕ್ಕೆ ಹೋದ ಮೊದಲ ವರ್ಷ ಅವರೊಂದು ಮಲೀದಾ ಮಾಡಿದ್ದರು, ಮನೆ ಸಿಕ್ಕಿತೆಂದು. ಅದೇ ಕಟ್ಟಡದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ನೋಡಿ, ಕಾಯಿ, ಹೂವು, ಹಣ್ಣು ಎಲ್ಲ ಇದೆಯಲ್ಲ, ನೀವು ನಿಜವಾಗಿ ಯೆಹೂದಿಗಳೋ ಹಿಂದೂಗಳೋ ಎಂದು ನಕ್ಕಳು. ಆಗ ಎಲ್ಲ ಕಡೆಯೂ ಅದೇ ಪ್ರಶ್ನೆ. ಭಾರತದಿಂದ ಬಂದವರ ಮದುವೆ ನಡೆಸಲು ಅನುಮಾನಪಟ್ಟ ದೊಡ್ಡ ಗುರುಗಳೂ ಇದ್ದರು. ಮಾರನೆಯ ದಿನ ಕೆಳಗಿನ ಮನೆಯ ಮೊರಾಕ್ಕೊದ ಮುದುಕಿಯೊಬ್ಬಳು ಮಾತಿಲ್ಲದೆ ಒಂದು ಬಿಸಿ ರೊಟ್ಟಿ ತಂದು ಕೊಟ್ಟು ಹೋದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆ ರೊಟ್ಟಿ ತಿಂದು ಸಿಪ್ಪೋರಾ ಅತ್ತರು. ಆದರೂ ಹನ್ನೊಂದು ವರ್ಷ ಮಲೀದಾ ಮಾಡಲಿಲ್ಲ. ಇಲಾನಾ ಹುಟ್ಟಿದಾಗಲೂ ಮಾಡಲಿಲ್ಲ.

“ನನ್ನ ಹೆಸರಲ್ಲಿ ಮಾಡಲಿಲ್ಲವಾ?” ಇಲಾನಾ ಕೇಳಿದಳು.

“ಇಲ್ಲ. ಮಾಡಿದೆನೆಂದು ನಿನಗೆ ಸುಳ್ಳು ಹೇಳಿದ್ದೆ.”

ಇಲಾನಾ ತಾಯಿಯ ಮುಂದಿನ ಬಾದಾಮಿಯಲ್ಲಿ ಅರ್ಧ ತನ್ನ ಕಡೆ ಎಳೆದುಕೊಂಡು ಸಿಪ್ಪೆ ಬಿಡಿಸತೊಡಗಿದಳು.

“ನನ್ನನ್ನೂ ಹಾಗೆ ಕೇಳುತ್ತಾರಾ, ಆಜಿ?” ಎಂದಳು ತಾಲ್ಯಾ.

“ಈಗ ಕಡಿಮೆ. ಆದರೂ ಯಾರಾದರೊಬ್ಬರು ಏನಾದರೊಂದು ಕೇಳುತ್ತಾರೆ. ನಿನ್ನ ಹೀಬ್ರೂ ಕೇಳಿ ನಗುತ್ತಾರೆ. ಬಾಡಿಗೆ ಮನೆಯಲ್ಲಿ ನೀರು ಸೋರುತ್ತದೆ. ಅಷ್ಟರಲ್ಲಿ ಯಾರೋ ರೊಟ್ಟಿಯನ್ನೂ ತರುತ್ತಾರೆ. ಎರಡೂ ಇರುತ್ತವೆ. ನಾನು ಬಾಯಿ ಮುಚ್ಚಿಕೊಂಡದ್ದು ತಪ್ಪು. ನೀನು ಮುಚ್ಚಿಕೊಳ್ಳಬೇಡ.”

ಗೌರಾದೇವಿಗೆ ಇಂಗ್ಲಿಷ್ ಪೂರ್ತಿ ಹಿಡಿತಕ್ಕೆ ಸಿಗಲಿಲ್ಲ. ಆದರೆ ಮೂವರ ಮುಖವನ್ನು ಒಮ್ಮೆ ನೋಡಿ, ತುರಿಯನ್ನು ಬೋಗುಣಿಗೆ ಸುರಿದು, “ಸಕ್ರಿ ಎಷ್ಟ ಹಾಕ್ಲಿ?” ಎಂದರು. ಎಷ್ಟೆಂದು ಅವರಿಗೆ ಗೊತ್ತಿತ್ತು.

ಅತಿಥಿಗಳು ನಾಲ್ಕಕ್ಕೆ ಸರಿಯಾಗಿ ಬಂದರು. ಮಲೀದಾ ತಟ್ಟೆ ಮೇಜಿಗೆ ಬಂದದ್ದು ಐದಕ್ಕೆ ಹತ್ತು ನಿಮಿಷವಿದ್ದಾಗ. ಏಕೆ ತಡ ಎಂದು ರೆಜಿನಾ ಕೇಳಿದರು. ಎಂಬತ್ತು ದಾಟಿದ ನೇರ ಮಾತಿನ ಹೆಂಗಸು. ಇಲಾನಾ ಏನೋ ಹೇಳಹೊರಟಳು, ಆದರೆ ಸಿಪ್ಪೋರಾ ತಾವೇ ಹೇಳಿದರು: ಮೊದಲು ಮಾಡಿದ್ದನ್ನು ನನ್ನ ಗೆಳತಿ ಅವರ ದೇವರಿಗೆ ಇಟ್ಟಿದ್ದರು, ಹಾಗಾಗಿ ಇಬ್ಬರೂ ಕೂಡಿ ಇನ್ನೊಂದು ಮಾಡಿದೆವು. ರೆಜಿನಾ ಬಾಗಿಲ ಬಳಿ ನಿಂತಿದ್ದ ಗೌರಾದೇವಿಯನ್ನು ನೋಡಿದರು. ಆಮೇಲೆ ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಕೈಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡು, ಖಾಲಿಯಾದ ಕುರ್ಚಿಯನ್ನು ಅಂಗೈಯಿಂದ ತಟ್ಟಿದರು.

ಇಲಾನಾಳ ಗಂಡ ಡಾನಿಯೆಲ್ ಪ್ರಾರ್ಥನೆ ಓದಿದ. ರಾಗ ಮಾತ್ರ ಸಿಪ್ಪೋರಾ ಎಳೆದರು, ಹುಬ್ಬಳ್ಳಿಯಲ್ಲಿ ತಂದೆ ಎಳೆಯುತ್ತಿದ್ದ ರಾಗ. ಒಂದು ಕಡೆ ದನಿ ಒಡೆಯಿತು. ತಾಲ್ಯಾ ಮುಂದುವರಿಸಿದಳು. ಅವಳು ಅದನ್ನು ಯಾವಾಗ ಕಲಿತಳೋ ಯಾರಿಗೂ ಗೊತ್ತಿರಲಿಲ್ಲ. ಹಂಚುವಾಗ ಮೊದಲ ಹಿಡಿ ಅವಳಿಗೆ ಕೊಟ್ಟರು. ಗೌರಾದೇವಿ ತಮ್ಮ ಪಾಲನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು. ರೆಜಿನಾ ಎರಡು ಸಲ ಹಾಕಿಸಿಕೊಂಡರು. ಸಕ್ಕರೆ ಸ್ವಲ್ಪ ಹೆಚ್ಚಾಗಿದೆ ಎಂದೂ ಹೇಳಿದರು.

ಎಲ್ಲರೂ ಹೋದ ಮೇಲೆ ಸಿಪ್ಪೋರಾ ಗೌರಾದೇವಿಯನ್ನು ಬಾಗಿಲವರೆಗೆ ಕಳಿಸಲು ಬಂದರು. ಹೊರಗೆ ಇನ್ನೂ ಬೆಳಕಿತ್ತು. ಎದುರು ಮನೆಯ ಮೆಟ್ಟಿಲ ಮೇಲೆ ಗೌರಾದೇವಿಯ ಅಳಿಯ ಮಹೇಶ ಮೊದಲ ಬೋಗುಣಿಯನ್ನು ಮಡಿಲಲ್ಲಿಟ್ಟುಕೊಂಡು ಚಮಚದಲ್ಲಿ ತಿನ್ನುತ್ತಿದ್ದ.

“ಬಾಯಾರ, ಒಂದ್ ಕೇಳ್ಲ್ಯಾ?” ಗೌರಾದೇವಿ ಮೆಟ್ಟಿಲಲ್ಲಿ ನಿಂತರು. “ಮಂಗಳವಾರ ಹುಡಿಗಿ ವಿಮಾನ ಹತ್ತೂಮುಂದ, ನಮ್ಮನಿಯಾಗ ನಾ ದೀಪಾ ಹಚ್ಚಿ ಆಕಿ ಸಲುವಾಗಿ ಬೇಡಿಕೊಂಡ್ರ ನಡೀತೈತ್ಯೋ ಇಲ್ಲೋ? ಅದಕ್ಕೂ ಕಟ್ಟಳಿ ಐತೇನು?”

ಸಿಪ್ಪೋರಾ ನಿಂತು ಯೋಚಿಸಿದರು.

“ಬೇಡಿಕೊಳ್ರಿ,” ಎಂದರು. “ವಿಮಾನ ಬೆಳಿಗ್ಗಿ ಹತ್ತೂವರಿಗೆ.”